ಆಸ್ತಿಯ ಕಟ್ಟಳೆ, ವಿಚಾರಣೆಯ ಕೋಣೆ: ಬ್ರಿಟಿಷ್ ಧಾರಾವಾಹಿಗಳನ್ನು ಅರಿಯುವ ಬಗೆ

ನಮ್ಮಲ್ಲಿ ಧಾರಾವಾಹಿ ಎಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುವಾಗಿ, ವಾರದಲ್ಲಿ ಐದಾರು ದಿನ, ವರ್ಷಗಟ್ಟಲೆ ನಡೆಯುವ ಕಥೆ. ಈ ರೂಢಿಯಲ್ಲಿ ಬೆಳೆದವರು ಬ್ರಿಟಿಷ್ ಧಾರಾವಾಹಿಯೊಂದನ್ನು ನೋಡಲು ಕುಳಿತರೆ ಮೊದಲು ಗಮನಕ್ಕೆ ಬರುವುದು ಅದರ ಕಿರಿದಾದ ಅಳತೆ. ಯಾರ್ಕ್‌ಷೈರಿನ ಪೊಲೀಸ್ ಸಾರ್ಜೆಂಟ್ ಒಬ್ಬಳ ಬದುಕನ್ನು ಹೇಳುವ ‘ಹ್ಯಾಪಿ ವ್ಯಾಲಿ’ 2014ರಲ್ಲಿ ಆರು ಕಂತು ಬಂತು, 2016ರಲ್ಲಿ ಮತ್ತೆ ಆರು, ಆಮೇಲೆ ಏಳು ವರ್ಷ ಸುದ್ದಿಯೇ ಇಲ್ಲ, 2023ರಲ್ಲಿ ಕೊನೆಯ ಆರು. ಹದಿನೆಂಟು ಕಂತುಗಳಲ್ಲಿ ಕಥೆ ಮುಗಿದುಹೋಯಿತು. ಆ ಏಳು ವರ್ಷಗಳ ಬಿಡುವಿಗೆ ಕಾರಣವಿತ್ತು. ಕಥೆಯಲ್ಲಿರುವ ಮೊಮ್ಮಗ ತನ್ನ ತಂದೆಯೊಡನೆ ಸಂಬಂಧ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುವ ವಯಸ್ಸಿಗೆ ಬರಬೇಕಿತ್ತು, ಆ ಪಾತ್ರ ಮಾಡಿದ ಹುಡುಗ ನಿಜವಾಗಿ ಬೆಳೆಯುವವರೆಗೂ ಲೇಖಕಿ ಸ್ಯಾಲಿ ವೇನ್‌ರೈಟ್ ಕಾದರು.

ಹಲವು ವರ್ಷ ಈ ಧಾರಾವಾಹಿಗಳನ್ನು ನೋಡಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಇವುಗಳಲ್ಲಿ ಪಾತ್ರಗಳು ನಡೆದುಕೊಳ್ಳುವ ರೀತಿಯ ಹಿಂದೆ ಬಹಳ ಸಲ ಒಂದು ಕಾನೂನು ಇರುತ್ತದೆ. ಹಳೆಯ ಕಾಲದ ಕಥೆಗಳಲ್ಲಿ ಅದು ಆಸ್ತಿ ಯಾರಿಗೆ ಸೇರಬೇಕೆಂಬ ಕಾನೂನು, ಅಪರಾಧದ ಕಥೆಗಳಲ್ಲಿ ಆರೋಪಿಯನ್ನು ಹೇಗೆ ಪ್ರಶ್ನಿಸಬೇಕೆಂಬ ಕಾನೂನು. ಅಲ್ಲಿಯ ನೋಡುಗರಿಗೆ ಅದು ಊರಿನ ರೂಢಿಯಷ್ಟೇ ಪರಿಚಿತವಾದ್ದರಿಂದ ಧಾರಾವಾಹಿ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ಅದು ತಿಳಿಯದೆ ನೋಡಿದರೆ ಒಳ್ಳೆಯ ಬಟ್ಟೆ, ದೊಡ್ಡ ಮನೆ, ಮಳೆ ಮತ್ತು ಚಹಾ ಮಾತ್ರ ಕಣ್ಣಿಗೆ ಬಿದ್ದು, ಕಥೆಯ ಬಿಗಿ ಕೈಗೆ ಸಿಗದೆ ಹೋಗುತ್ತದೆ.

ಅಳತೆಯ ವಿಷಯವನ್ನು ಮೊದಲು ಮುಗಿಸೋಣ. ಬಿಬಿಸಿ ನಡೆಯುವುದು ಮುಖ್ಯವಾಗಿ ಟಿ.ವಿ. ನೋಡುವ ಮನೆಗಳು ವರ್ಷಕ್ಕೊಮ್ಮೆ ಕಟ್ಟುವ ಲೈಸೆನ್ಸ್ ಶುಲ್ಕದಿಂದ. 2024ರ ಏಪ್ರಿಲ್‌ನಲ್ಲಿ ಅದನ್ನು 169.50 ಪೌಂಡಿಗೆ ಏರಿಸಲಾಯಿತು. ನಮ್ಮಲ್ಲೂ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು, ಇದು ಅದೇ ಬಗೆಯ ಏರ್ಪಾಡು. ಜಾಹೀರಾತು ಇಲ್ಲದ್ದರಿಂದ ಬಿಬಿಸಿಯ ಒಂದು ಕಂತು ಹೆಚ್ಚುಕಡಿಮೆ ಪೂರ್ತಿ ಒಂದು ಗಂಟೆ ಓಡುತ್ತದೆ. 1955ರಲ್ಲಿ ಆರಂಭವಾದ ಐಟಿವಿ ಜಾಹೀರಾತಿನಿಂದ ನಡೆಯುವ ವಾಹಿನಿ, ಆದ್ದರಿಂದ ಅದರ ಕಂತು ಇನ್ನೂ ಚಿಕ್ಕದು. ಆದರೆ ಎರಡು ಕಡೆಗಳಲ್ಲೂ ಒಂದು ಪದ್ಧತಿ ಗಟ್ಟಿಯಾಗಿ ಉಳಿದಿದೆ: ಅಮೆರಿಕದಲ್ಲಿ ಹತ್ತಾರು ಲೇಖಕರು ಒಂದು ಕೋಣೆಯಲ್ಲಿ ಕುಳಿತು ಕಂತುಗಳನ್ನು ಹಂಚಿಕೊಂಡು ಬರೆಯುವುದು ರೂಢಿಯಾದರೆ, ಬ್ರಿಟನ್ನಿನಲ್ಲಿ ಅನೇಕ ಧಾರಾವಾಹಿಗಳನ್ನು ಮೊದಲಿಂದ ಕೊನೆಯವರೆಗೆ ಒಬ್ಬರೇ ಬರೆಯುತ್ತಾರೆ. ಒಂದು ಲೇಖನಿಯಿಂದ ವರ್ಷಕ್ಕೆ ನೂರು ಕಂತು ಬರಲಾರದು, ಆರು ಬರಬಹುದು. ಮೊದಲ ಕಂತಿನಲ್ಲಿ ಯಾರೋ ಆಡಿದ ಸಣ್ಣ ಮಾತು ಆರನೆಯ ಕಂತಿನಲ್ಲಿ ತಿರುಗಿ ಬಂದು ತಾಗುವುದು ಸಾಧ್ಯವಾಗುವುದು ಈ ಕಾರಣದಿಂದ. ನಾನು ಈ ಧಾರಾವಾಹಿಗಳನ್ನು ಇಷ್ಟಪಡುವುದಕ್ಕೂ ಇದೇ ದೊಡ್ಡ ಕಾರಣ.

ಈಗ ಹಳೆಯ ಕಾಲದ ಕಥೆಗಳಿಗೆ ಬರೋಣ. ನಮ್ಮ ಕಡೆ ತಂದೆಯ ಆಸ್ತಿಯೆಂದರೆ ಅಣ್ಣತಮ್ಮಂದಿರ ಪಾಲು ನೆನಪಾಗುತ್ತದೆ, ಪಾಲಾಗುತ್ತಾ ಹೋಗಿ ಹೊಲ ಚೂರಾಗುವುದನ್ನು ನಾವು ಕಂಡಿದ್ದೇವೆ. ಇಂಗ್ಲೆಂಡಿನ ಭೂಮಾಲೀಕ ಮನೆತನಗಳು ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದವು. ಜಮೀನು, ಮನೆ, ಬಿರುದು ಎಲ್ಲವೂ ಒಡೆಯದೆ ಹಿರಿಯ ಮಗನಿಗೆ ಹೋಗಬೇಕು, ಮಗನಿಲ್ಲದಿದ್ದರೆ ಹತ್ತಿರದ ಗಂಡು ದಾಯಾದಿಗೆ. ಈ ನಿರ್ಬಂಧವನ್ನು ಹಿಂದಿನ ತಲೆಮಾರಿನವರೇ ಪತ್ರ ಮಾಡಿ ಕಟ್ಟಿಟ್ಟುಬಿಟ್ಟಿರುತ್ತಿದ್ದರು. ಇದಕ್ಕೆ ಎಂಟೇಲ್ ಎಂದು ಹೆಸರು. ಇಂದು ಮನೆಯ ಯಜಮಾನ ಎನಿಸಿಕೊಂಡವನು ನಿಜದಲ್ಲಿ ಬದುಕಿರುವವರೆಗಿನ ಅನುಭೋಗದಾರ ಮಾತ್ರ; ಹೆಣ್ಣುಮಕ್ಕಳ ಮೇಲಿನ ಪ್ರೀತಿಯಿಂದ ಅವರಿಗೆ ಮನೆ ಬರೆದುಕೊಡೋಣವೆಂದರೂ ಅವನಿಗೆ ಅಧಿಕಾರವಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1995ರಲ್ಲಿ ಬಿಬಿಸಿ ಆರು ಕಂತುಗಳಲ್ಲಿ ಪ್ರಸಾರ ಮಾಡಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ನೋಡಿದರೆ ಬೆನೆಟ್ ದಂಪತಿಯ ಐದು ಹೆಣ್ಣುಮಕ್ಕಳ ಮದುವೆಯ ಗಡಿಬಿಡಿ ಬೇರೆಯೇ ಅರ್ಥ ಪಡೆಯುತ್ತದೆ. ಗಂಡುಮಗನಿಲ್ಲದ ಆ ಮನೆ ತಂದೆ ತೀರಿಕೊಂಡ ದಿನ ಕಾಲಿನ್ಸ್ ಎಂಬ ದೂರದ ದಾಯಾದಿಯ ಪಾಲಾಗುತ್ತದೆ. ತಾಯಿ ಕೂಗಾಡುವುದು, ಸಭ್ಯತೆ ಮರೆಯುವುದು, ಮಗಳನ್ನು ಮಳೆಯಲ್ಲಿ ಕುದುರೆಯ ಮೇಲೆ ಕಳಿಸುವುದು ಎಲ್ಲವೂ ನಗು ತರಿಸುತ್ತವೆ, ನಿಜ. ಆದರೆ ಆ ಮನೆಯಲ್ಲಿ ನಾಳೆಯ ಸೂರಿನ ಬಗ್ಗೆ ಎಚ್ಚರವಾಗಿರುವ ಹಿರಿಯ ಜೀವ ಆಕೆ ಒಬ್ಬಳೇ. ಪುಸ್ತಕದ ಕೋಣೆಯಲ್ಲಿ ಕುಳಿತು ಚುರುಕು ಮಾತಾಡುವ ತಂದೆಯ ಬಗ್ಗೆ ಮೊದಲ ಸಲ ನೋಡಿದಾಗ ನನಗಿದ್ದ ಮೆಚ್ಚುಗೆ ಈ ಕಾನೂನು ತಿಳಿದ ಮೇಲೆ ತುಂಬ ಕಡಿಮೆಯಾಯಿತು. ಚಿತ್ರಕಥೆ ಬರೆದ ಆಂಡ್ರ್ಯೂ ಡೇವಿಸ್ ಹಣ ಮತ್ತು ಮೋಹ ಇವೆರಡೇ ಕಥೆಯ ಎಂಜಿನ್ನುಗಳೆಂದು ಗುರುತಿಸಿ, ಎರಡನ್ನೂ ಮುಚ್ಚುಮರೆಯಿಲ್ಲದೆ ತೋರಿಸಿದರು.

‘ಡೌನ್‌ಟನ್ ಆ್ಯಬಿ’ 2010ರಿಂದ 2015ರವರೆಗೆ ಐಟಿವಿಯಲ್ಲಿ 52 ಕಂತು ಓಡಿತು, ಬ್ರಿಟಿಷ್ ಲೆಕ್ಕದಲ್ಲಿ ಇದು ದೀರ್ಘ ಧಾರಾವಾಹಿಯೇ. ಅದು ಶುರುವಾಗುವುದು 1912ರ ಏಪ್ರಿಲ್‌ನಲ್ಲಿ, ಟೈಟಾನಿಕ್ ಮುಳುಗಿದ ಸುದ್ದಿ ಹೊತ್ತ ತಂತಿಯಿಂದ. ಹಡಗಿನಲ್ಲಿ ಸತ್ತವರಲ್ಲಿ ಡೌನ್‌ಟನ್ ಎಸ್ಟೇಟಿನ ವಾರಸುದಾರನೂ ಇದ್ದಾನೆ. ಎಸ್ಟೇಟಿನ ಒಡೆಯನಾದ ಅರ್ಲ್‌ಗೆ (ಅರ್ಲ್ ಎಂಬುದು ಶ್ರೀಮಂತ ಮನೆತನದ ಬಿರುದು) ಇರುವವರು ಮೂವರು ಹೆಣ್ಣುಮಕ್ಕಳು. ಹಾಗಾಗಿ ಮ್ಯಾಂಚೆಸ್ಟರಿನಲ್ಲಿ ವಕೀಲಿ ಮಾಡಿಕೊಂಡಿದ್ದ ದೂರದ ದಾಯಾದಿ ಮ್ಯಾಥ್ಯೂ ಹಠಾತ್ತನೆ ಅರಮನೆಯ ಉತ್ತರಾಧಿಕಾರಿಯಾಗುತ್ತಾನೆ. ಊಟದ ಮೇಜಿನಲ್ಲಿ ಅವನು ತನ್ನ ವಕೀಲಿಯನ್ನು ಬಿಡುವುದಿಲ್ಲ, ಎಸ್ಟೇಟಿನ ಕೆಲಸಕ್ಕೆ ವಾರಾಂತ್ಯವಿದೆಯಲ್ಲ ಎಂದಾಗ, ಮ್ಯಾಗಿ ಸ್ಮಿತ್ ಅಭಿನಯಿಸಿದ ಅಜ್ಜಿ ವಾರಾಂತ್ಯವೆಂದರೇನೆಂದು ನಿಜವಾಗಿಯೂ ತಿಳಿಯದೆ ಕೇಳುತ್ತಾಳೆ. ಸಂಬಳಕ್ಕೆ ದುಡಿಯುವ ವಾರವನ್ನೇ ಕಾಣದ ವರ್ಗಕ್ಕೆ ಅದರ ಕೊನೆಯೂ ತಿಳಿಯದು. ಒಂದು ಪ್ರಶ್ನೆಯಲ್ಲಿ ಇಡೀ ವ್ಯವಸ್ಥೆ ಬಯಲಾಗುತ್ತದೆ. ಲೇಖಕ ಜೂಲಿಯನ್ ಫೆಲೋಸ್ ಆ ವರ್ಗವನ್ನು ಮಿತಿಮೀರಿದ ಮಮತೆಯಿಂದ ಕಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಬಿಗಿಯಾದ ನೋಟ ಬೇಕಾದವರು 1971ರಿಂದ 1975ರವರೆಗೆ ಬಂದ ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’ ಹುಡುಕಬೇಕು. ಅದರ ಮೂಲ ಕಲ್ಪನೆ ಜೀನ್ ಮಾರ್ಶ್ ಮತ್ತು ಐಲೀನ್ ಆಟ್ಕಿನ್ಸ್ ಎಂಬ ನಟಿಯರದು. ಅವರ ಮನೆಯ ಹಿರಿಯರು ಸಿರಿವಂತರ ಮನೆಗಳಲ್ಲಿ ಚಾಕರಿ ಮಾಡಿದವರು. ಹಾಗಾಗಿ ಅಡುಗೆಮನೆಯಲ್ಲಿ ನಡೆಯುವ ಮಾತು ಅಲ್ಲಿ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ಆಸ್ತಿಯ ವ್ಯಾಜ್ಯವನ್ನೇ ಕಥೆಯ ನಡುವಿಗೆ ತಂದಿಟ್ಟದ್ದು 2005ರ ‘ಬ್ಲೀಕ್ ಹೌಸ್’. ಡಿಕನ್ಸ್ ಈ ಕಾದಂಬರಿಯನ್ನು ತಿಂಗಳಿಗೊಂದು ಭಾಗದಂತೆ ಪ್ರಕಟಿಸಿದ್ದನ್ನು ನೆನೆದು, ಬಿಬಿಸಿ ಅದನ್ನು ಹದಿನೈದು ಕಂತು ಮಾಡಿ, ಮೊದಲನೆಯದನ್ನು ಬಿಟ್ಟು ಉಳಿದವನ್ನು ಅರ್ಧರ್ಧ ಗಂಟೆಗೆ ಇಳಿಸಿ, ಪ್ರತಿ ಕಂತನ್ನೂ ಕುತೂಹಲದ ಅಂಚಿನಲ್ಲಿ ನಿಲ್ಲಿಸಿತು. ಉಯಿಲಿನ ದಾವೆಯೊಂದು ತಲೆಮಾರುಗಳ ಕಾಲ ನಡೆದು, ಕೊನೆಗೆ ಆಸ್ತಿಯೆಲ್ಲ ದಾವೆಯ ಖರ್ಚಿಗೇ ಕರಗಿಹೋಗುತ್ತದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಈ ಕಥೆಗೆ ಟಿಪ್ಪಣಿಯೇ ಬೇಡ.

ಈ ಬಗೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲೆನಿಸುವುದು 2015ರ ‘ವೂಲ್ಫ್ ಹಾಲ್’. ಇದರ ಬೇರಿನಲ್ಲೂ ವಾರಸಿಕೆಯ ಪ್ರಶ್ನೆಯೇ ಇದೆ: ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಗೆ ಗಂಡುಮಗ ಬೇಕು, ಅದಕ್ಕಾಗಿ ಮದುವೆ ಮುರಿಯಬೇಕು, ಮದುವೆ ಮುರಿಯಲು ರೋಮಿನ ಧರ್ಮಪೀಠವನ್ನೇ ಧಿಕ್ಕರಿಸಬೇಕು, ಆ ದಾರಿಯನ್ನು ಕಾನೂನಿನ ಭಾಷೆಯಲ್ಲಿ ಕಟ್ಟಿಕೊಡುವವನು ಕಮ್ಮಾರನ ಮಗ ಥಾಮಸ್ ಕ್ರಾಮ್‌ವೆಲ್. ನಿರ್ದೇಶಕ ಪೀಟರ್ ಕಾಸ್ಮಿನ್ಸ್ಕಿ ರಾತ್ರಿಯ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲಿ ಚಿತ್ರಿಸಿದರು. ಹಜಾರದ ಮೂಲೆಗಳು ಕತ್ತಲಲ್ಲಿವೆ, ಮಾತಾಡುವವನ ಅರ್ಧ ಮುಖ ಮಾತ್ರ ಕಾಣುತ್ತದೆ, ಬಾಗಿಲ ಬಳಿ ನಿಂತವನು ಯಾರೆಂದು ತಿಳಿಯದು. ರಾಜನ ಆಸ್ಥಾನದಲ್ಲಿ ಕದ್ದು ಕೇಳುವುದು ಹೇಗೆ ನಡೆಯುತ್ತಿತ್ತು ಎಂಬುದು ಆಗ ಕಣ್ಣಿಗೆ ಕಟ್ಟುತ್ತದೆ. ಕ್ರಾಮ್‌ವೆಲ್ ಆಗಿ ಮಾರ್ಕ್ ರೈಲನ್ಸ್ ಹೆಚ್ಚು ಮಾತಾಡುವುದಿಲ್ಲ, ಇತರರು ಮಾತಾಡುವಾಗ ಕೇಳುತ್ತಾ ನಿಲ್ಲುತ್ತಾರೆ. ಕೇಳುವುದನ್ನು ಇಷ್ಟು ತೀವ್ರವಾಗಿ ಅಭಿನಯಿಸಿದವರನ್ನು ನಾನು ಬೇರೆ ಕಂಡಿಲ್ಲ. ಮುಂದಿನ ಆರು ಕಂತುಗಳು 2024ರಲ್ಲಿ ಬಂದವು. ಅವನ್ನು ತಯಾರಿಸಲು ಹಣ ಸಾಲದೆ ನಿರ್ದೇಶಕರು, ಲೇಖಕರು, ನಾಯಕ ನಟ ತಮ್ಮ ಸಂಭಾವನೆಯ ದೊಡ್ಡ ಭಾಗವನ್ನು ಬಿಟ್ಟುಕೊಡಬೇಕಾಯಿತು.

ಹಳೆಯ ಕಾಲದ ಕಥೆಯಿಂದ ಅಪರಾಧದ ಕಥೆಗೆ ಸೇತುವೆಯಂತಿರುವ ಒಂದು ಧಾರಾವಾಹಿ ಭಾರತೀಯರಿಗೆ ತೀರ ಹತ್ತಿರದ್ದು. 1984ರಲ್ಲಿ ಗ್ರಾನಡಾ ಸಂಸ್ಥೆ ಹದಿನಾಲ್ಕು ಕಂತುಗಳಲ್ಲಿ ತಂದ ‘ದ ಜ್ಯೂಯೆಲ್ ಇನ್ ದ ಕ್ರೌನ್’ ಆರಂಭವಾಗುವುದು 1942ರಲ್ಲಿ, ಭಾರತ ಬಿಟ್ಟು ತೊಲಗಿ ಚಳವಳಿಯ ದಿನಗಳಲ್ಲಿ. ಇಂಗ್ಲೆಂಡಿನಲ್ಲೇ ಬೆಳೆದು, ಅಲ್ಲಿಯ ಪ್ರತಿಷ್ಠಿತ ಶಾಲೆಯಲ್ಲಿ ಓದಿ, ತಂದೆ ದಿವಾಳಿಯಾಗಿ ಸತ್ತ ಮೇಲೆ ಭಾರತಕ್ಕೆ ಬಂದ ಹರಿ ಕುಮಾರನಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಅವನನ್ನು ಹಿಡಿಯುವ ಪೊಲೀಸ್ ಅಧಿಕಾರಿ ರೊನಾಲ್ಡ್ ಮೆರಿಕ್ ಕೆಳಮಧ್ಯಮ ವರ್ಗದಿಂದ ಮೇಲೆ ಬಂದವನು, ಹರಿಯ ಉಚ್ಚಾರಣೆ ತನ್ನದಕ್ಕಿಂತ ಶ್ರೇಷ್ಠವಾಗಿರುವುದನ್ನು ಅವನಿಂದ ಸಹಿಸಲಾಗುವುದಿಲ್ಲ. ಮಾಡದ ಅಪರಾಧಕ್ಕೆ ಲಾಕಪ್ಪಿನಲ್ಲಿ ನಡೆಯುವ ಕ್ರೂರ ವಿಚಾರಣೆಯಲ್ಲಿ ಹರಿ, ಪ್ರೀತಿಸಿದವಳಿಗೆ ಕೊಟ್ಟ ಮಾತಿಗಾಗಿ, ಬಾಯಿ ಬಿಡುವುದಿಲ್ಲ. ಆರ್ಟ್ ಮಲಿಕ್ ಮತ್ತು ಟಿಮ್ ಪಿಗಟ್ ಸ್ಮಿತ್ ಅವರ ಈ ಮುಖಾಮುಖಿ ನಂತರದ ಎಲ್ಲ ಕಂತುಗಳನ್ನೂ ಬಾಧಿಸುತ್ತದೆ.

ವಿಚಾರಣೆಯ ಕೋಣೆ ಬ್ರಿಟಿಷ್ ಅಪರಾಧ ಧಾರಾವಾಹಿಯ ಗರ್ಭಗುಡಿಯಾದದ್ದು ಏಕೆಂದು ತಿಳಿಯಲು ಎರಡು ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ನ್ಯಾಯಾಲಯದಲ್ಲಿ ಸಾಬೀತುಪಡಿಸುವಂತಿಲ್ಲ ಎಂಬ ನಿಯಮ ನಮ್ಮಲ್ಲಿ 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮಿನಲ್ಲಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ವಸಾಹತಿನ ಪೊಲೀಸರ ಮೇಲೆ ಸರ್ಕಾರಕ್ಕೇ ನಂಬಿಕೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ, ದಬ್ಬಾಳಿಕೆಯಿಂದ ಪಡೆದದ್ದಲ್ಲವೆಂದು ತೋರಿಸಿಕೊಟ್ಟರೆ ಠಾಣೆಯಲ್ಲಿ ಆಡಿದ ಮಾತೇ ಸಾಕ್ಷ್ಯ. ಅದಕ್ಕೆಂದೇ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯಿದೆ ಅಲ್ಲಿ ಬಿಗಿಯಾದ ನಿಯಮಗಳನ್ನು ತಂದಿತು. ವಿಚಾರಣೆ ರೆಕಾರ್ಡ್ ಆಗಬೇಕು, ಆರೋಪಿಗೆ ಪುಕ್ಕಟೆಯಾಗಿ ವಕೀಲರ ನೆರವು ಸಿಗಬೇಕು, ಆರೋಪ ಹೊರಿಸದೆ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಗಂಭೀರ ಅಪರಾಧವಾದರೆ ಮೇಲಧಿಕಾರಿಯ ಅನುಮತಿಯಿಂದ 36 ಗಂಟೆ, ಮ್ಯಾಜಿಸ್ಟ್ರೇಟರ ಅನುಮತಿಯಿಂದ ಗರಿಷ್ಠ 96 ಗಂಟೆ. ಧಾರಾವಾಹಿಗಳಲ್ಲಿ ಅಧಿಕಾರಿಗಳು ಮತ್ತೆ ಮತ್ತೆ ಗಡಿಯಾರ ನೋಡುವುದು ಇದಕ್ಕಾಗಿ.

ಬಂಧಿಸುವಾಗ ಹೇಳುವ ಎಚ್ಚರಿಕೆಯ ಮಾತಿಗೂ ಗಮನ ಕೊಡಬೇಕು. ನೀವು ಏನನ್ನೂ ಹೇಳಬೇಕಾಗಿಲ್ಲ, ಆದರೆ ಮುಂದೆ ನ್ಯಾಯಾಲಯದಲ್ಲಿ ಆಧಾರವಾಗಿಸಿಕೊಳ್ಳುವ ಸಂಗತಿಯನ್ನು ಈಗ ಪ್ರಶ್ನಿಸಿದಾಗ ಹೇಳದಿದ್ದರೆ ನಿಮ್ಮ ವಾದಕ್ಕೆ ಹಾನಿಯಾಗಬಹುದು ಎಂಬುದು ಅದರ ತಿರುಳು. 1994ರ ಕಾಯಿದೆಯೊಂದು ತಂದ ಬದಲಾವಣೆ ಇದು. ಹಾಗಾಗಿ ಆರೋಪಿ ಪ್ರತಿ ಪ್ರಶ್ನೆಗೂ ‘ನೋ ಕಾಮೆಂಟ್’ ಎನ್ನುತ್ತಾ ಕುಳಿತರೆ ಅದು ಹಟದಂತೆ ಕಂಡರೂ ವಕೀಲರು ಅಳೆದು ತೂಗಿ ಕೊಟ್ಟ ಸಲಹೆಯಾಗಿರಬಹುದು, ಜೂಜೂ ಆಗಿರಬಹುದು.

ಈ ಕಾನೂನನ್ನೇ ನಾಟಕ ಮಾಡಿದ್ದು ಜೆಡ್ ಮರ್ಕ್ಯೂರಿಯೋ ಅವರ ‘ಲೈನ್ ಆಫ್ ಡ್ಯೂಟಿ’. 2012ರಿಂದ 2021ರವರೆಗೆ ಆರು ಸರಣಿಗಳಲ್ಲಿ ಬಂದ ಇದು ಪೊಲೀಸರ ಭ್ರಷ್ಟಾಚಾರವನ್ನು ಪೊಲೀಸರೇ ತನಿಖೆ ಮಾಡುವ ಕಥೆ. ಗಾಜಿನ ಗೋಡೆಯ ಕೋಣೆ, ಮೇಜಿನ ಆಚೆ ಈಚೆ ಕಡತಗಳು, ರೆಕಾರ್ಡರ್ ಚಾಲೂ ಆದಾಗ ಬಹಳ ಹೊತ್ತು ಎಳೆಯುವ ಕರ್ಕಶ ಸದ್ದು. ಆ ಸದ್ದು ನಿಂತ ಮೇಲೆ ಆಡಿದ ಪ್ರತಿ ಮಾತೂ ದಾಖಲೆ. ಅಲ್ಲಿ ಬಂದೂಕಿನ ದೃಶ್ಯಗಳೂ ಇವೆ, ಆದರೆ ಉಸಿರು ಬಿಗಿಹಿಡಿದು ನೋಡುವಂತೆ ಮಾಡುವುದು ಕಡತದ ಪುಟ ತಿರುಗಿಸುವ ಕೈ. ಕೊನೆಯ ಸರಣಿಗಳಲ್ಲಿ ಒಗಟು ಕಥೆಯನ್ನು ಮೀರಿ ಬೆಳೆಯಿತು. ಮೊದಲ ಮೂರು ಸರಣಿಗಳನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕಡಲ ತೀರದ ಸಣ್ಣ ಊರಿನಲ್ಲಿ ಬಾಲಕನೊಬ್ಬನ ಕೊಲೆಯಿಂದ ಆರಂಭವಾಗುವ ‘ಬ್ರಾಡ್‌ಚರ್ಚ್’ನ ಎರಡನೆಯ ಸರಣಿಯಲ್ಲಿ ಇದೇ ನಿಯಮ ತಿರುಗುಬಾಣವಾಗುತ್ತದೆ. ಆರೋಪಿಯ ಮೇಲೆ ಅಧಿಕಾರಿಯೊಬ್ಬರು ಕೈ ಮಾಡಿದ್ದರೆಂಬ ಕಾರಣಕ್ಕೆ ತಪ್ಪೊಪ್ಪಿಗೆಯೇ ಸಾಕ್ಷ್ಯದಿಂದ ಹೊರಬೀಳುತ್ತದೆ.

ಇವೆಲ್ಲಕ್ಕೂ ದಾರಿ ಮಾಡಿಕೊಟ್ಟದ್ದು 1991ರ ‘ಪ್ರೈಮ್ ಸಸ್ಪೆಕ್ಟ್’. ಲಿಂಡಾ ಲಾ ಪ್ಲಾಂಟ್ ಬರೆದ, ಹೆಲೆನ್ ಮಿರೆನ್ ಅಭಿನಯಿಸಿದ ಜೇನ್ ಟೆನಿಸನ್, ಸಹೋದ್ಯೋಗಿಯ ಹಠಾತ್ ಸಾವಿನಿಂದ ಕೈಗೆ ಬಂದ ಕೊಲೆ ಪ್ರಕರಣವನ್ನು ತನ್ನನ್ನು ಒಪ್ಪದ ಗಂಡಸರ ತಂಡದೊಡನೆ ನಡೆಸಬೇಕು. ಇದಕ್ಕೆ ಪೂರ್ತಿ ಬೇರೆ ಬಗೆಯ, ನಿಧಾನದ ರುಚಿ ಬೇಕಾದವರಿಗೆ ಆಕ್ಸ್‌ಫರ್ಡಿನ ‘ಇನ್‌ಸ್ಪೆಕ್ಟರ್ ಮೋರ್ಸ್’ ಇದೆ: 1987ರಿಂದ 2000ದವರೆಗೆ 33 ಕಂತು, ಒಂದೊಂದೂ ಸಿನಿಮಾದಷ್ಟು ಉದ್ದ. ಅದರ ಶೀರ್ಷಿಕೆ ಸಂಗೀತದಲ್ಲಿ ನಾಯಕನ ಹೆಸರನ್ನೇ ತಂತಿಯ ಮೋರ್ಸ್ ಸಂಕೇತದಲ್ಲಿ ಹೆಣೆದಿದ್ದಾರೆ. ಹಳೆಯ ಕಡತಗಳನ್ನು ತೆರೆಯುವ ‘ಅನ್‌ಫರ್‌ಗಾಟನ್’ನಲ್ಲಿ ಸಂಜೀವ್ ಭಾಸ್ಕರ್ ಅವರ ಸನ್ನಿ ಖಾನ್ ಪಾತ್ರವಿದೆ, ಏಷ್ಯನ್ ಎಂಬುದನ್ನು ಕಥೆಯ ಸಮಸ್ಯೆಯಾಗಿಸದೆ ಒಬ್ಬ ಒಳ್ಳೆಯ ಪೊಲೀಸನನ್ನು ಚಿತ್ರಿಸಿದ ರೀತಿ ನನಗೆ ಹಿಡಿಸಿತು.

‘ಹ್ಯಾಪಿ ವ್ಯಾಲಿ’ಗೆ ಮತ್ತೊಮ್ಮೆ ಮರಳಬೇಕು. ಬ್ರಿಟನ್ನಿನ ಪೊಲೀಸರು ಸಾಮಾನ್ಯವಾಗಿ ಬಂದೂಕು ಒಯ್ಯುವುದಿಲ್ಲ ಎಂಬುದು ನೆನಪಿದ್ದರೆ ಅದರ ಮೊದಲ ದೃಶ್ಯ ಇನ್ನೂ ತಾಗುತ್ತದೆ. ಮಕ್ಕಳ ಆಟದ ಮೈದಾನದಲ್ಲಿ ಯುವಕನೊಬ್ಬ ಮೈಮೇಲೆ ಪೆಟ್ರೋಲ್ ಸುರಿದುಕೊಂಡು ಲೈಟರ್ ಹಿಡಿದು ನಿಂತಿದ್ದಾನೆ. ಸಾರ್ಜೆಂಟ್ ಕ್ಯಾಥರಿನ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಅವನೆದುರು ನಿಂತು, ಅಂಗಡಿಯಲ್ಲಿ ಸಿಕ್ಕವರೊಡನೆ ಮಾತಾಡುವಷ್ಟು ಸಹಜವಾಗಿ ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ: ವಯಸ್ಸು 47, ವಿಚ್ಛೇದನ ಆಗಿದೆ, ಮಾದಕ ವ್ಯಸನದಿಂದ ಹೊರಬಂದ ತಂಗಿಯ ಜೊತೆ ವಾಸ, ಇಬ್ಬರು ಮಕ್ಕಳಲ್ಲಿ ಒಬ್ಬಳು ಇಲ್ಲ, ಇನ್ನೊಬ್ಬ ಮಾತಾಡುವುದಿಲ್ಲ, ಒಬ್ಬ ಮೊಮ್ಮಗ ಇದ್ದಾನೆ. ಒಂದು ಉಸಿರಿನಲ್ಲಿ ಇಡೀ ಧಾರಾವಾಹಿಯ ದುಃಖ ಅಲ್ಲಿದೆ. ಸಾರಾ ಲ್ಯಾಂಕಷೈರ್ ಅವರ ಯಾರ್ಕ್‌ಷೈರ್ ಉಚ್ಚಾರಣೆ ನಮ್ಮ ಕಿವಿಗೆ ಮೊದಲು ದಕ್ಕುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡುವುದೇ ಸರಿ. ಎರಡು ಕಂತು ಕಳೆಯುವಷ್ಟರಲ್ಲಿ ಕಿವಿ ಪಳಗುತ್ತದೆ.

2025ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಅಡೊಲೆಸೆನ್ಸ್’ ನಾಲ್ಕೇ ಕಂತು, ಪ್ರತಿ ಕಂತೂ ಎಲ್ಲಿಯೂ ಕತ್ತರಿಸದ ಒಂದೇ ಶಾಟ್. ಮುಂಜಾನೆ ಬಾಗಿಲು ಒಡೆದು ಬಂದ ಪೊಲೀಸರು ಹದಿಮೂರು ವರ್ಷದ ಹುಡುಗನನ್ನು ಕೊಲೆಯ ಶಂಕೆಯ ಮೇಲೆ ಕರೆದೊಯ್ಯುತ್ತಾರೆ. ಅಪ್ರಾಪ್ತರ ವಿಚಾರಣೆಯಲ್ಲಿ ಜೊತೆಗೆ ಒಬ್ಬ ಹಿರಿಯರು ಇರಲೇಬೇಕೆಂಬುದು ಅಲ್ಲಿಯ ಕಾನೂನು. ಯಾರು ಬೇಕೆಂದು ಕೇಳಿದಾಗ ಹುಡುಗ ತಂದೆಯ ಹೆಸರು ಹೇಳುತ್ತಾನೆ. ಆ ಒಂದು ಆಯ್ಕೆಯಿಂದಾಗಿ, ಸ್ಟೀಫನ್ ಗ್ರಹಾಮ್ ಅಭಿನಯಿಸಿದ ಆ ತಂದೆ ಮಗನ ಪಕ್ಕದ ಕುರ್ಚಿಯಲ್ಲಿ ಕುಳಿತು, ಪೊಲೀಸರು ತೋರಿಸುವ ಸಿಸಿಟಿವಿ ದೃಶ್ಯವನ್ನು ನಾವು ತಿಳಿದುಕೊಳ್ಳುವ ಕ್ಷಣದಲ್ಲೇ ತಾನೂ ತಿಳಿದುಕೊಳ್ಳಬೇಕಾಗುತ್ತದೆ. ಕ್ಯಾಮೆರಾ ಬೇರೆಡೆ ತಿರುಗಿ ಅವನಿಗೆ ಬಿಡುವು ಕೊಡುವುದಿಲ್ಲ.

ಕಾನೂನು ಕಥೆಯನ್ನು ನಡೆಸುವುದನ್ನು ಇಷ್ಟು ಹೊತ್ತು ನೋಡಿದೆವು. ಕಥೆಯೇ ಕಾನೂನನ್ನು ನಡೆಸಿದ ಉದಾಹರಣೆಯೂ ಒಂದಿದೆ. ಬ್ರಿಟನ್ನಿನ ಅಂಚೆ ಸಂಸ್ಥೆ ತನ್ನ ಶಾಖೆಗಳಿಗೆ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಅಳವಡಿಸಿದ ಮೇಲೆ ಹಳ್ಳಿ ಪಟ್ಟಣಗಳ ಅಂಚೆ ಅಂಗಡಿ ನಡೆಸುವವರ ಲೆಕ್ಕದಲ್ಲಿ ಇಲ್ಲದ ಕೊರತೆಗಳು ಕಾಣಿಸಿಕೊಂಡವು. ಅಲ್ಲಿ ಸಂಸ್ಥೆಗಳು ಖಾಸಗಿಯಾಗಿ ಮೊಕದ್ದಮೆ ಹೂಡಬಹುದಾದ್ದರಿಂದ ಹೆಚ್ಚಿನ ಪ್ರಕರಣಗಳಲ್ಲಿ ದೂರುದಾರ, ತನಿಖೆಗಾರ, ಅಭಿಯೋಜಕ ಮೂರೂ ಆ ಸಂಸ್ಥೆಯೇ ಆಗಿತ್ತು. ಒಂಬೈನೂರಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ಪತ್ರಿಕೆಗಳು ವರ್ಷಗಟ್ಟಲೆ ಬರೆದವು, 2019ರಲ್ಲಿ ಹೈಕೋರ್ಟ್ ವ್ಯವಸ್ಥೆಯ ದೋಷವನ್ನು ಎತ್ತಿ ಹೇಳಿತು, ಆದರೂ ಹೆಚ್ಚಿನವರ ಕಳಂಕ ಅಳಿಯಲಿಲ್ಲ. 2024ರ ಜನವರಿಯ ಮೊದಲ ವಾರದಲ್ಲಿ ಐಟಿವಿ ಗ್ವಿನೆತ್ ಹ್ಯೂಸ್ ಬರೆದ ‘ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್’ ಎಂಬ ನಾಲ್ಕು ಕಂತುಗಳ ಧಾರಾವಾಹಿಯನ್ನು ಸತತ ನಾಲ್ಕು ರಾತ್ರಿ ಪ್ರಸಾರ ಮಾಡಿತು. ಕೆಲವೇ ದಿನಗಳಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಹೊಸ ಕಾನೂನಿನ ಭರವಸೆ ಕೊಟ್ಟರು; ಆ ವರ್ಷದ ಮೇ ತಿಂಗಳಲ್ಲಿ ಒಂದೇ ಕಾಯಿದೆಯಿಂದ ನೂರಾರು ಜನರ ಶಿಕ್ಷೆಗಳು ರದ್ದಾದವು.

ಆ ಧಾರಾವಾಹಿಯಲ್ಲಿ ಅಂಚೆ ಅಂಗಡಿಯ ಜೋ ಹ್ಯಾಮಿಲ್ಟನ್ ರಾತ್ರಿ ಲೆಕ್ಕ ಹೊಂದದೆ ಸಹಾಯವಾಣಿಗೆ ಫೋನ್ ಮಾಡಿ, ಅತ್ತ ಕಡೆಯವರು ಹೇಳಿದ ಕೀಲಿಗಳನ್ನೇ ಒತ್ತುವಾಗ, ಪರದೆಯ ಮೇಲಿನ ಕೊರತೆ ಅವಳ ಕಣ್ಣೆದುರೇ ಇಮ್ಮಡಿಯಾಗುತ್ತದೆ. ಈ ತೊಂದರೆ ಬೇರೆ ಯಾರಿಗೂ ಇಲ್ಲ, ನಿಮಗೊಬ್ಬರಿಗೇ ಎಂದು ಇಂಥವರಿಗೆಲ್ಲ ಹೇಳಲಾಗಿತ್ತು. ವರ್ಷಗಳ ನಂತರ, 2009ರಲ್ಲಿ, ಟೋಬಿ ಜೋನ್ಸ್ ಅಭಿನಯಿಸಿದ ಅಲನ್ ಬೇಟ್ಸ್ ವಾರಿಕ್‌ಷೈರಿನ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಮುದಾಯ ಭವನದಲ್ಲಿ ಒಂದು ಸಭೆ ಕರೆಯುತ್ತಾರೆ. ಯಾರಾದರೂ ಬರುವರೋ ಇಲ್ಲವೋ ಎಂದು ಕಾಯುತ್ತಿರುವಾಗ, ಒಬ್ಬರನ್ನೊಬ್ಬರು ಎಂದೂ ನೋಡಿರದ ಜನ ಒಬ್ಬೊಬ್ಬರಾಗಿ ಆ ಭವನದೊಳಗೆ ಬರತೊಡಗುತ್ತಾರೆ.